ಗೆದ್ದವ ಸೋತ, ಸೋತವ ಸತ್ತ; ಹೋಗದೇ ಇದ್ದವ?

ಕೋರ್ಟು ಕಚೇರಿಯ ಮಾತು ಬಂದರೆ ನಮ್ಮ ಹಿರಿಯರ ಬಾಯಲ್ಲಿ ಗಾದೆಯೊಂದು ತಯಾರಾಗಿರುತ್ತಿತ್ತು: ಕೋರ್ಟಿಗೆ ಹೋಗಿ ಗೆದ್ದವ ಸೋತ, ಸೋತವ ಸತ್ತ. ಬದುವಿನ ಮೂರಡಿ ಜಾಗಕ್ಕೆ, ಬಾವಿಯ ಕಾಲುಪಾಲಿಗೆ ತಲೆಮಾರುಗಟ್ಟಲೆ ಕಚೇರಿ ಕಟ್ಟೆ ಸವೆಸಿದವರ ಹೊಟ್ಟೆಯುರಿಯಿಂದ ಹುಟ್ಟಿದ ಮಾತು, ಸುಳ್ಳಲ್ಲ. ಆದರೆ ಗಾದೆ ಕಟ್ಟಿದ ಪುಣ್ಯಾತ್ಮ ಮೂರನೆಯವನೊಬ್ಬನನ್ನು ಮರೆತೇಬಿಟ್ಟ. ಗೆಲ್ಲುವುದಕ್ಕೂ ಹೋಗದೆ, ಸೋಲುವುದಕ್ಕೂ ಹೋಗದೆ, ಬಂದ ಸಮನ್ಸನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಮನೆಯಲ್ಲೇ ಕೂತವನ ಗತಿ ಏನು? ಕ್ರೆಡಿಟ್ ಕಾರ್ಡಿನ ಈ ಕಾಲದಲ್ಲಿ ಆ ಮೂರನೆಯವರೇ ಜಾಸ್ತಿ ಅನ್ನುವುದು ನಮ್ಮ ಬೀದಿಯ ಲಾಯರ್ ಸಾಹೇಬರ ಅಂಬೋಣ. ಬ್ಯಾಂಕಿನವರಿಗೂ ಅವರನ್ನು ಕಂಡರೇ ಬಹಳ ಪ್ರೀತಿಯಂತೆ. ಎದುರಿಗೆ ಯಾರೂ ನಿಲ್ಲದಿದ್ದರೆ ವಾದ ಮಾಡುವ ಶ್ರಮ ಯಾರಿಗಿದೆ?

ಈ ಸಂಗತಿಗಳೆಲ್ಲ ನನ್ನ ತಲೆಗೆ ಹೊಕ್ಕಿದ್ದು ನನ್ನ ಷಡ್ಡಕನ ದೆಸೆಯಿಂದ. ಒಡಹುಟ್ಟಿದವರ ಸಾಲಕ್ಕೆ ಬೇಕಾದರೆ ತಲೆ ಕೊಡದೆ ಇರಬಹುದು, ಷಡ್ಡಕನ ಸಾಲಕ್ಕೆ ಕೊಡದೆ ಇರುವ ಹಾಗಿಲ್ಲ. ಫೋನು ಬರುವುದು ಹೆಂಡತಿಯ ಮೊಬೈಲಿಗೆ. ಸಾಲದ ಮಾತೆತ್ತಿದ ಮೇಲೆ ಸರ್ವಜ್ಞನನ್ನು ಎಳೆದು ತರದೆ ಬಿಡಬಾರದೆಂದು ಕನ್ನಡದಲ್ಲಿ ಅಲಿಖಿತ ನಿಯಮವೊಂದಿದೆ. ಆ ವಚನ ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ನಾನು ಸರ್ವಜ್ಞನಿಗೆ ಈ ಸಲ ರಜೆ ಕೊಟ್ಟಿದ್ದೇನೆ. ಅವನ ಕಾಲದಲ್ಲಿ ಸಾಲ ಕೇಳಿದವನು ಸಾಲಗಾರನಾಗುತ್ತಿದ್ದ. ನಮ್ಮ ಷಡ್ಡಕ ಕೇಳಿದವನೇ ಅಲ್ಲ. ಪೆಟ್ರೋಲ್ ಬಂಕಿನಲ್ಲಿ ಟೈ ಕಟ್ಟಿಕೊಂಡು ನಿಂತಿದ್ದ ಹುಡುಗನೊಬ್ಬ, "ಸಾರ್, ಲೈಫ್‌ಟೈಮ್ ಫ್ರೀ ಸಾರ್, ಜೊತೆಗೆ ಟ್ರಾಲಿ ಬ್ಯಾಗೂ ಇದೆ" ಅಂದ. ಬ್ಯಾಗಿಗೆ ಬಂದವನು ಕಾರ್ಡನ್ನೂ ಹೊತ್ತುಕೊಂಡು ಹೋದ.

ಕಾರ್ಡಿನ ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಪೂರ್ತಿ ಬಾಕಿ, ಇನ್ನೊಂದು 'ಮಿನಿಮಮ್ ಡ್ಯೂ'. ಈ ಎರಡನೆಯದರಷ್ಟು ಸಭ್ಯವಾದ ಅಂಕಿ ಲೋಕದಲ್ಲೇ ಇಲ್ಲ. ಒಂದು ಲಕ್ಷ ಬಾಕಿ ಇದೆ, ಮಿನಿಮಮ್ಮು ನೂರಕ್ಕೆ ಐದು ಅಂತ ಇಟ್ಟುಕೊಳ್ಳಿ; ಐದು ಸಾವಿರ ಕಟ್ಟಿದರೆ ಸಾಕು, ಫೋನಿಲ್ಲ, ದಂಡವಿಲ್ಲ. ಆದರೆ ತಿಂಗಳ ಬಡ್ಡಿ ನೂರಕ್ಕೆ ಮೂರೂವರೆ ಅಂದರೆ 3,500 ರೂಪಾಯಿ ಅಲ್ಲಿಗೇ ಹೋಯಿತು. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ, 630. ಉಳಿದ 870 ರೂಪಾಯಿ ಮಾತ್ರ ಅಸಲಿಗೆ. ನಾವು ಐದು ಸಾವಿರ ಕಟ್ಟಿದೆವೆಂದು ಬೀಗುತ್ತೇವೆ, ಸಾಲ ಸಾವಿರವೂ ಇಳಿದಿರುವುದಿಲ್ಲ. ಹಳ್ಳಿಯಲ್ಲಿ ಯಾರಾದರೂ ಮೂರೂವರೆ ರೂಪಾಯಿ ಬಡ್ಡಿಗೆ ದುಡ್ಡು ಕೊಟ್ಟರೆ ಅವನನ್ನು ಮೀಟರ್ ಬಡ್ಡಿಯವನೆಂದು ಶಪಿಸುತ್ತೇವೆ. ಅದೇ ಬಡ್ಡಿಯನ್ನು ನುಣುಪು ಕಾಗದದ ಮೇಲೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿ ಕೊಟ್ಟರೆ 'ಗೋಲ್ಡ್ ಮೆಂಬರ್' ಎಂದು ಹೆಮ್ಮೆಪಡುತ್ತೇವೆ.

2020ರಲ್ಲಿ ಕೊರೋನಾ ಬಂತು, ಷಡ್ಡಕನ ಕೆಲಸ ಹೋಯಿತು, ಮಿನಿಮಮ್ಮೂ ನಿಂತಿತು. ಆಮೇಲೆ ವಸೂಲಿಯವರ ಫೋನುಗಳ ಕಾಲ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಸಾಲಗಾರರಿಗೆ ಫೋನು ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಅದು ಫೋನು ಮಾಡುವ ಹುಡುಗರಿಗೆ ಯಾರೂ ಹೇಳಿದಂತೆ ಕಾಣಲಿಲ್ಲ. ಒಂದು ದಿನ ಫೋನುಗಳು ತಾವಾಗಿಯೇ ನಿಂತವು. ಸಾಲ ಮನ್ನಾ ಆಯಿತೆಂದೇ ಷಡ್ಡಕ ನಂಬಿದ. ಬ್ಯಾಂಕು ಸುಮ್ಮನಾಯಿತೆಂದರೆ ಕಡತ ಲಾಯರ ಮೇಜಿಗೆ ಹೋಗಿದೆ ಎಂದರ್ಥ ಅನ್ನುವುದು ಅವನಿಗೇನು ಗೊತ್ತು?

"ಭಾವ, ಕೋರ್ಟಿನವರು ಬಂದಿದ್ರು," ನಾದಿನಿಯ ಗಂಟಲು ಕಟ್ಟಿತ್ತು. "ಇವ್ರು ಬಚ್ಚಲುಮನೇಲಿ ಸೇರಿಕೊಂಡು 'ಇಲ್ಲ ಅನ್ನು' ಅಂದ್ರು. ಇಲ್ಲ ಅಂದೆ. ಅವ್ರು ನನ್ನ ಹತ್ರಾನೇ ಸಹಿ ಹಾಕಿಸ್ಕೊಂಡು ಕಾಗದ ಕೊಟ್ಟು ಹೋದ್ರು. ನನ್ನನ್ನೂ ಹಿಡ್ಕೊಂಡ್ ಹೋಗ್ತಾರಾ ಭಾವ?"

ಕೋರ್ಟಿನ ಅಮೀನ ಅಂದರೆ ಒಂದು ಕಾಲದಲ್ಲಿ ಊರೇ ನಡುಗುತ್ತಿತ್ತು. ಸ್ಥಿರಾಸ್ತಿ ಜಪ್ತಿ ಮಾಡುವಾಗ ಆ ಜಾಗದಲ್ಲೇ ತಮಟೆ ಬಾರಿಸಿ ಸಾರಬೇಕು ಅನ್ನುವ ವಿಧಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಈಗಲೂ ಇದೆ. ಸಾಲಕ್ಕಿಂತ ಆ ತಮಟೆಯ ಸದ್ದಿಗೆ ಹೆದರಿ ಊರು ಬಿಟ್ಟವರ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ಇವತ್ತಿನ ಅಮೀನರು ಪಾಪ, ಸ್ಕೂಟರಿನಲ್ಲಿ ಬರುತ್ತಾರೆ, ಹೆಗಲಿಗೆ ಚೀಲ, ಚೀಲದಲ್ಲಿ ಕಟ್ಟುಗಟ್ಟಲೆ ಕಾಗದ. ನಾಲ್ಕನೇ ಕ್ರಾಸು ಎಲ್ಲಿ, ನಾಲ್ಕನೇ ಮೇನು ಎಲ್ಲಿ ಅಂತ ಬೆಂಗಳೂರಿನ ಬೀದಿಗಳಲ್ಲಿ ಅಲೆದು ಸುಸ್ತಾಗಿರುತ್ತಾರೆ. ಆದರೆ 'ಮನೇಲಿಲ್ಲ' ಎಂಬ ಮಾತನ್ನು ಅವರಷ್ಟು ಕೇಳಿದವರು ಹಾಲಿನವನೊಬ್ಬನೇ ಇರಬೇಕು. ಕಾನೂನು ಅದಕ್ಕೆಲ್ಲ ಮೊದಲೇ ದಾರಿ ಮಾಡಿಟ್ಟಿದೆ. ಯಜಮಾನ ಸಿಗದಿದ್ದರೆ ಜೊತೆಗೆ ವಾಸವಿರುವ ವಯಸ್ಕರೊಬ್ಬರ ಕೈಗೆ ಕೊಡಬಹುದು. 1976ರ ತಿದ್ದುಪಡಿಗೆ ಮುಂಚೆ ಗಂಡಸರ ಕೈಗೇ ಕೊಡಬೇಕಿತ್ತಂತೆ. ಈಗ ಹೆಂಗಸರಾದರೂ ಆದೀತು. ಕೆಲಸದವರು ಮಾತ್ರ ಮನೆಯವರಲ್ಲ ಅಂತಲೂ ಅಲ್ಲೇ ಬರೆದಿದೆ. ಸಹಿ ಹಾಕಲ್ಲ ಅಂದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ರಿಜಿಸ್ಟರ್ ಅಂಚೆಯನ್ನು 'ಬೇಡ' ಅಂತ ಹಿಂದಿರುಗಿಸಿದರೆ ತಲುಪಿದಂತೆಯೇ ಲೆಕ್ಕ. ಒಟ್ಟಿನಲ್ಲಿ ಬಚ್ಚಲುಮನೆಯಲ್ಲಿ ಅಡಗುವುದರಿಂದ ಬಚ್ಚಲುಮನೆಗೆ ಬಿಟ್ಟರೆ ಯಾರಿಗೂ ತೊಂದರೆ ಇಲ್ಲ.

ನಾದಿನಿಯ ಜೈಲಿನ ಭಯವನ್ನು ಲಾಯರ್ ಸಾಹೇಬರು ಒಂದೇ ಮಾತಿನಲ್ಲಿ ಹಾರಿಸಿದರು. "ಹಣದ ಡಿಕ್ರಿಗೆ ಹೆಂಗಸರನ್ನ ಬಂಧಿಸೋ ಹಾಗೇ ಇಲ್ಲಮ್ಮ, 56ನೇ ಕಲಂ. ಅಲ್ದೆ ಕಾರ್ಡು ನಿಮ್ದಲ್ಲ." ಷಡ್ಡಕ ಮೆಲ್ಲಗೆ, "ನನ್ನ ಕಥೆ?" ಅಂದ. ಸಿವಿಲ್ ಜೈಲು ಅಂತ ಒಂದಿದೆ, ಹೆಚ್ಚೆಂದರೆ ಮೂರು ತಿಂಗಳು. ಆದರೆ ಕೊಡುವ ಶಕ್ತಿ ಇದ್ದೂ ಕೊಡದವನಿಗೆ, ಆಸ್ತಿಯನ್ನು ಮೋಸದಿಂದ ಬೇರೆಯವರ ಹೆಸರಿಗೆ ದಾಟಿಸುವವನಿಗೆ ಅದು. ಬಡವನಾದ ತಪ್ಪಿಗೆ ಪ್ರಾಮಾಣಿಕ ಸಾಲಗಾರನನ್ನು ಒಳಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1980ರಲ್ಲೇ, ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದ್ದಾರೆ. ಇಷ್ಟು ಹೇಳಿ ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಚೆಕ್ಕೇನಾದ್ರೂ ಕೊಟ್ಟಿದ್ಯಾಪ್ಪಾ?" ಎಂದು ಕೇಳಿದರು. ಅದು ಬೇರೆಯೇ ದಾರಿ ನೋಡಿ. ಬಾಕಿಗೆಂದು ಕೊಟ್ಟ ಚೆಕ್ಕು ಬೌನ್ಸಾಗಿ, ನೋಟೀಸು ತಲುಪಿ 15 ದಿನದೊಳಗೆ ದುಡ್ಡು ಕೊಡದಿದ್ದರೆ 138ನೇ ಕಲಮಿನ ಕ್ರಿಮಿನಲ್ ಕೇಸು. ಅಲ್ಲಿ ಗೈರುಹಾಜರಾದರೆ ವಾರಂಟು ನಿಜವಾಗಿಯೂ ಹೊರಡುತ್ತದೆ. ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುವ ಆಟೋ ಡೆಬಿಟ್ಟು ದುಡ್ಡಿಲ್ಲದೆ ವಾಪಸಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಅದೇ ಬಗೆಯ ಕೇಸಿಗೆ ಅವಕಾಶವಿದೆ. ಆದ್ದರಿಂದ ಕಾಗದ ಬಂದಾಗ ಮೊದಲು ನೋಡಬೇಕಾದ್ದು ಸಿವಿಲ್ಲೋ ಕ್ರಿಮಿನಲ್ಲೋ ಅನ್ನುವುದನ್ನು. ಷಡ್ಡಕನ ಅದೃಷ್ಟ, ಅವನ ಹತ್ತಿರ ಚೆಕ್ ಪುಸ್ತಕವೇ ಇರಲಿಲ್ಲ.

ಮೊದಲು ಅಂದೆ, ಅದಕ್ಕೂ ಮೊದಲು ಇನ್ನೊಂದಿದೆ: ಕಾಗದ ಅಸಲಿಯೋ ನಕಲಿಯೋ? ವಾಟ್ಸ್ಯಾಪಿನಲ್ಲಿ ಮೂರು ಸಿಂಹದ ಲಾಂಛನ ಹಾಕಿ, ಕೆಂಪಕ್ಷರದಲ್ಲಿ 'ಅಂತಿಮ ವಾರಂಟ್' ಎಂದು ಕಳಿಸುವ ಕಲಾವಿದರು ಈಗ ಬಹಳ. ನಿಜವಾದ ಕೋರ್ಟಿನ ಕಾಗದ ಇಷ್ಟು ಬಣ್ಣಬಣ್ಣವಾಗಿರುವುದಿಲ್ಲ. ಮಾಸಲು ಹಾಳೆ, ವಕ್ರವಾಗಿ ಒತ್ತಿದ ಸೀಲು, ಯಾವ ನ್ಯಾಯಾಲಯ, ದಾವೆಯ ನಂಬರು, ಹಾಜರಾಗಬೇಕಾದ ತಾರೀಖು, ಜೊತೆಗೆ ದಾವಾಪತ್ರದ ಪ್ರತಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರು ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಕೇಸು ಇದೆಯೋ ಇಲ್ಲವೋ ತಿಳಿಯುತ್ತದೆ, ಮುಂದಿನ ತಾರೀಖೂ ಸಿಗುತ್ತದೆ. ಕಾಸಿಲ್ಲ, ಖರ್ಚಿಲ್ಲ. ಕೋರ್ಟು ಯಾರಿಗೂ ಫೋನು ಮಾಡಿ 'ಈಗಲೇ ಈ ನಂಬರಿಗೆ ಗೂಗಲ್ ಪೇ ಮಾಡಿ' ಅನ್ನುವುದಿಲ್ಲ. ಇನ್ನೊಂದು ಜಾತಿಯ ಕಾಗದವೂ ಬರುತ್ತದೆ, ಮಧ್ಯಸ್ಥಿಕೆಯದು. ಆರ್ಬಿಟ್ರೇಟರ್ ಎಂಬವರು ದೂರದ ಯಾವುದೋ ಊರಿನಿಂದ ಕಳಿಸಿರುತ್ತಾರೆ. ಬ್ಯಾಂಕು ತನಗೆ ಬೇಕಾದವರನ್ನು ತಾನೊಂದೇ ಪಂಚನನ್ನಾಗಿ ನೇಮಿಸುವಂತಿಲ್ಲ ಎಂಬರ್ಥದ ತೀರ್ಪು 2019ರಲ್ಲೇ ಸುಪ್ರೀಂ ಕೋರ್ಟಿನಿಂದ ಬಂದಿದೆ. ಹಾಗೆಂದು ಅದನ್ನೂ ರದ್ದಿಗೆ ಹಾಕಬಾರದು. ಆಕ್ಷೇಪಣೆಯನ್ನು ಬರೆದು ಕಳಿಸಬೇಕು.

ಕೋರ್ಟಿನ ಸಮನ್ಸಿಗೆ ಉತ್ತರವಾಗಿ ಲಿಖಿತ ಹೇಳಿಕೆ ಕೊಡಲು 30 ದಿನ. ಕಾರಣ ತೋರಿಸಿದರೆ ನ್ಯಾಯಾಧೀಶರು 90 ದಿನದವರೆಗೆ ಬಿಡಬಹುದು. ಆದರೆ ಕೆಲವು ದಾವೆಗಳನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ 'ಸಮ್ಮರಿ ಸೂಟ್' ಎಂದು ಹಾಕಿರುತ್ತಾರೆ, ಅಲ್ಲಿ ಕೇವಲ 10 ದಿನದೊಳಗೆ 'ನಾನಿದ್ದೇನೆ' ಅಂತ ದಾಖಲಿಸಬೇಕು. ಆಮೇಲೆ ವಾದ ಮಾಡುವುದಕ್ಕೇ ಅಪ್ಪಣೆ ಕೇಳಬೇಕು. ಹತ್ತು ದಿನ ಅಂದರೆ ನಮ್ಮಲ್ಲಿ ಒಂದು ಮದುವೆ ಮನೆಯ ಸುಸ್ತು ಕಳೆಯುವುದಕ್ಕೂ ಸಾಲದು. ಈ ಕಾರಣಕ್ಕೇ ಕಾಗದ ಕೈಗೆ ಬಂದ ದಿನ ತಾರೀಖು ಬರೆದು ಸಹಿ ಮಾಡಬೇಕು. ನಾದಿನಿ ತಾರೀಖು ಹಾಕಿದ್ದಳು, ಬಿ.ಕಾಂ. ಓದಿದ್ದು ಅಷ್ಟಕ್ಕಾದರೂ ಒದಗಿತು.

ನಮ್ಮ ಬಂಧುಬಳಗದಲ್ಲಿ ಕಾನೂನು ಪಂಡಿತರಿಗೆ ಬರವಿಲ್ಲ. ಷಡ್ಡಕನ ಸೋದರಮಾವನೊಬ್ಬರು ಒಬ್ಬಟ್ಟು ಮುರಿಯುತ್ತಾ ತೀರ್ಪು ಕೊಟ್ಟರು: "ಮೂರು ವರ್ಷ ಆಯ್ತಲ್ಲೋ, ವಾಯಿದೆ ಮುಗೀತು. ಸಮನ್ಸ್ ಹರಿದು ಹಾಕು." ಅರ್ಧ ಸತ್ಯದಷ್ಟು ಅಪಾಯದ್ದು ಯಾವುದೂ ಇಲ್ಲ. ಹಣದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಅನ್ನುವುದು ಖರೆ. ಷಡ್ಡಕ ಕೊನೆಗೆ ಕಟ್ಟಿದ್ದು 2020ರ ಜನವರಿಯಲ್ಲಿ, ದಾವೆ ಹೂಡಿದ್ದು 2024ರಲ್ಲಿ. ಬೆರಳು ಮಡಚಿ ಎಣಿಸಿದರೆ ಮೂರು ದಾಟಿತ್ತು. ಆದರೆ ಕೊರೋನಾ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅಷ್ಟೂ ಕಾಲವನ್ನು ವಾಯಿದೆ ಲೆಕ್ಕದಿಂದ ಬಿಡಬೇಕೆಂದು ಸುಪ್ರೀಂ ಕೋರ್ಟು ಆದೇಶ ಮಾಡಿದೆ. ಹೀಗೆ ಎಣಿಸಿದರೆ ಬ್ಯಾಂಕಿನ ಕೈಯಲ್ಲಿ ಇನ್ನೂ ದಿನಗಳಿದ್ದವು. ಮಾವನವರ ಮಾತು ಕೇಳಿದ್ದರೆ ಒಬ್ಬಟ್ಟಿನ ಜೊತೆ ಷಡ್ಡಕನೂ ಬೇಯುತ್ತಿದ್ದ. ಮೂರು ವರ್ಷ ಮುಗಿಯುವುದರೊಳಗೆ "ಸಾರ್, ಐನೂರಾದ್ರೂ ಹಾಕಿ, ಹಾಗೇ ಬಾಕಿ ಇದೆ ಅಂತ ಒಂದು ಮೇಲ್ ಕಳಿಸಿ" ಅಂತ ವಸೂಲಿಯವರು ಬೆಣ್ಣೆ ಹಚ್ಚುವುದು ಯಾಕೆ ಅನ್ನುವುದೂ ಇಲ್ಲೇ ತಿಳಿಯುತ್ತದೆ. ಬಾಕಿಯನ್ನು ಬರಹದಲ್ಲಿ ಒಪ್ಪಿಕೊಂಡರೆ ಮೂರು ವರ್ಷದ ಗಡಿಯಾರ ಮೊದಲಿನಿಂದ ಶುರುವಾಗುತ್ತದೆ.

ಇನ್ನು ದಾವಾಪತ್ರ. ಷಡ್ಡಕ ಅದರ ಮೊದಲ ಪುಟ ನೋಡಿ, ಕೊನೆಯ ಮೊತ್ತ ನೋಡಿ, ಮಡಚಿಟ್ಟಿದ್ದ. ಒಂದೂಕಾಲು ಲಕ್ಷದ ಬಾಕಿ ನಾಲ್ಕು ಲಕ್ಷದ ಹತ್ತಿರ ಹೋಗಿತ್ತು. ಲಾಯರ್ ಸಾಹೇಬರು ಮಧ್ಯದ ಪುಟಗಳನ್ನು ಪಂಚಾಂಗ ನೋಡುವ ಶ್ರದ್ಧೆಯಿಂದ ನೋಡಿದರು. ತಡಪಾವತಿ ಶುಲ್ಕ, ಮಿತಿ ಮೀರಿದ ಶುಲ್ಕ, ಯಾರೂ ಕೇಳದ ವಿಮೆಯೊಂದರ ಕಂತು, ಇವುಗಳ ಮೇಲೆಲ್ಲ ತಿಂಗಳು ತಿಂಗಳು ಬಡ್ಡಿ. ಕಟ್ಟದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೆ ಬಡ್ಡಿ ಹಾಕಬಾರದು ಅಂತ ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲೇ ಹೇಳಿದೆ. ಪೆನ್ಸಿಲಿನಲ್ಲಿ ಅವರು ಸುತ್ತು ಹಾಕುತ್ತಾ ಹೋದ ಹಾಗೆ ಷಡ್ಡಕನ ಬೆನ್ನು ಸ್ವಲ್ಪ ಸ್ವಲ್ಪ ನೆಟ್ಟಗಾಗುತ್ತಾ ಬಂತು.

ಆದರೆ 'ಬಡ್ಡಿಯೇ ಅನ್ಯಾಯ ಸ್ವಾಮೀ' ಅಂತ ಕೋರ್ಟಿನಲ್ಲಿ ಎದೆ ಬಡಿದುಕೊಂಡರೆ ಕೆಲಸವಾಗುವುದಿಲ್ಲ. ಬ್ಯಾಂಕು ಹಾಕಿದ ಬಡ್ಡಿ ಜಾಸ್ತಿಯಾಯಿತು ಅನ್ನುವ ಒಂದೇ ಕಾರಣಕ್ಕೆ ಕೋರ್ಟು ಲೆಕ್ಕ ಕೆದಕುವಂತಿಲ್ಲ ಅಂತ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಂ ಬಾಗಿಲು ಹಾಕಿದೆ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ, ಕಾರ್ಡಿನ ಮೇಲೆ ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಅಂದಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. ಹದಿನಾರು ವರ್ಷ ಕಳೆದ ಮೇಲೆ, 2024ರ ಡಿಸೆಂಬರ್ 20ರಂದು ಆ ಆದೇಶ ರದ್ದಾಯಿತು. ತೀರ್ಪನ್ನು ಟೀಕಿಸುವಷ್ಟು ಕಾನೂನು ನನಗೆ ಬರುವುದಿಲ್ಲ. ಬಡ್ಡಿಯನ್ನು ಟೀಕಿಸುವಷ್ಟು ಗಣಿತ ಬರುತ್ತದೆ. ದಾವೆ ಹೂಡಿದ ದಿನದಿಂದ ಮುಂದಕ್ಕೆ ಬಡ್ಡಿ ಎಷ್ಟು ಕೊಡಿಸಬೇಕೆಂಬುದು ಮಾತ್ರ ನ್ಯಾಯಾಧೀಶರ ವಿವೇಚನೆ. ಎದುರಿಗೊಬ್ಬ ನಿಂತು ತನ್ನ ಪಾಡು ಹೇಳಿಕೊಂಡರೆ ತಾನೇ ವಿವೇಚನೆಗೆ ಕೆಲಸ?

ತಾರೀಖಿನ ದಿನ ಬೆಂಗಳೂರಿನ ಮೇಯೋ ಹಾಲಿನ ಕೋರ್ಟಿಗೆ ನಾನೂ ಹೋದೆ. 1872ರಲ್ಲಿ ಅಂಡಮಾನಿನಲ್ಲಿ ಕೈದಿಯೊಬ್ಬನ ಕೈಯಲ್ಲಿ ಹತನಾದ ವೈಸರಾಯ್ ಮೇಯೋ ಸಾಹೇಬನ ಹೆಸರಿನ ಕಟ್ಟಡ. ಕೈದಿಯಿಂದ ಸತ್ತವನ ಹೆಸರಿನಲ್ಲಿ ಕೋರ್ಟು ನಡೆಸುವುದರಲ್ಲಿ ಏನೋ ವ್ಯಂಗ್ಯ ಇದೆ ಅನ್ನಿಸಿತು, ಷಡ್ಡಕನ ಮುಖ ನೋಡಿ ಬಾಯಿಬಿಡಲಿಲ್ಲ. ಪಡಸಾಲೆಯ ತುಂಬ ಕಪ್ಪು ಕೋಟು, ಕಂಕುಳಲ್ಲಿ ಕಡತ, ಗೋಡೆಗೆ ಅಂಟಿಸಿದ ಆ ದಿನದ ಕೇಸುಗಳ ಪಟ್ಟಿಯ ಮುಂದೆ ಬೆರಳಿಟ್ಟು ಹುಡುಕುವವರ ಗುಂಪು. ಹನ್ನೊಂದಕ್ಕೆ ಕಲಾಪ ಶುರುವಾಯಿತು. ಜವಾನ ಬಾಗಿಲಿಗೆ ಬಂದು ಹೆಸರು ಕೂಗುತ್ತಾನೆ. ಅವನ ಬಾಯಲ್ಲಿ ಯಾವ ಹೆಸರೂ ಅಪ್ಪ ಅಮ್ಮ ಇಟ್ಟ ಹಾಗೆ ಉಳಿಯುವುದಿಲ್ಲ. ಷಡ್ಡಕನದಕ್ಕಿಂತ ಮುಂಚೆ ಅದೇ ಬ್ಯಾಂಕಿನ ಕೇಸುಗಳು ಸಾಲಾಗಿ ಇದ್ದವು. ಕೂಗು, ಮೌನ, ಮತ್ತೆ ಕೂಗು, ಮೌನ. ಒಳಗಿನಿಂದ "ಎಕ್ಸ್ ಪಾರ್ಟಿ" ಎಂಬ ಎರಡು ಪದ, ಅಂದರೆ ಇನ್ನು ಇವನ ಗೈರಿನಲ್ಲೇ ವಿಚಾರಣೆ; ಕಡತ ಆಚೆಗೆ. ಒಬ್ಬೊಬ್ಬರಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ನಾನು ಹೇಳಿದ ಮೂರನೆಯವರು ಇವರೇ.

ಷಡ್ಡಕನ ಹೆಸರು ಬಂತು. "ಹಾಜರ್ ಸಾರ್" ಅಂದ ಅವನ ದನಿ ನನಗೇ ಕೇಳಿಸಲಿಲ್ಲ. ಬ್ಯಾಂಕಿನ ಪರ ನಿಂತಿದ್ದ ಎಳೆಯ ವಕೀಲರು, ಮುಂದಿನ ಕಡತ ಆಗಲೇ ತೆರೆದಿದ್ದವರು, ಅದನ್ನು ಮುಚ್ಚಿ ಇದನ್ನು ಹುಡುಕತೊಡಗಿದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಏನ್ರೀ, ಮಾತುಕತೆ ಮಾಡ್ಕೊಳ್ತೀರಾ?" ಎಂದರು. ಇಷ್ಟೇ. ಗದರಿಸಲಿಲ್ಲ, ಕಟಕಟೆ ಹತ್ತಿಸಲಿಲ್ಲ, ಸಿನಿಮಾದ ಸುತ್ತಿಗೆಯೂ ಇರಲಿಲ್ಲ. ಲಾಯರ್ ಸಾಹೇಬರು ವಕಾಲತ್ತು ಹಾಕಿ, ಲಿಖಿತ ಹೇಳಿಕೆ ಸಲ್ಲಿಸಿ, ಪೆನ್ಸಿಲಿನ ಸುತ್ತುಗಳನ್ನೆಲ್ಲ ಅದರಲ್ಲಿ ಸೇರಿಸಿದರು. ಲಾಯರಿಗೆ ಫೀಸು ಕೊಡಲು ಗತಿಯಿಲ್ಲದವರಿಗೂ ದಾರಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಕಡಿಮೆ ಆದಾಯದ ಬೇರೆಯವರಿಗೂ ಸಿಗುತ್ತಾರೆ. ಬೆಂಗಳೂರಿನವರು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಬಹುದು.

ಕೇಸು ಲೋಕ್ ಅದಾಲತ್ತಿಗೆ ಹೋಯಿತು. ಅಲ್ಲಿಯ ವ್ಯಾಪಾರ ನೋಡಿದರೆ ಕೆ.ಆರ್. ಮಾರ್ಕೆಟ್ಟೇ ನೆನಪಾಗಬೇಕು. ಬ್ಯಾಂಕಿನವರು ಮೂರು ಲಕ್ಷ ಅಂದರು, ಷಡ್ಡಕ ಒಂದು ಅಂದ, ಅವರು ಎದ್ದು ಹೋಗುವ ಹಾಗೆ ಮಾಡಿದರು, ಇವನು ಹೋಗಲಿ ಬಿಡಿ ಅನ್ನುವ ಹಾಗೆ ಕೂತ. ಕೊನೆಗೆ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಕುದುರಿತು, ಹತ್ತು ಕಂತು. ಅದಾಲತ್ತಿನ ಅವಾರ್ಡು ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲಿಲ್ಲ. ಕೋರ್ಟ್ ಫೀಸು ಬ್ಯಾಂಕಿಗೆ ವಾಪಸು ಬರುವುದರಿಂದ ಅವರಿಗೂ ಲಾಭವೇ. ಕಂತು ತಪ್ಪಿದರೆ ಮಾತ್ರ ನೇರ ಅಮಲ್ಜಾರಿ. ಹಾಗಾಗಿ ಅಲ್ಲಿ ಉತ್ಸಾಹದಲ್ಲಿ ಶಕ್ತಿ ಮೀರಿ ಒಪ್ಪಿಕೊಳ್ಳಬಾರದು. ಕೊನೆಯ ಕಂತಾದ ಮೇಲೆ 'ನೋ ಡ್ಯೂಸ್' ಪತ್ರವನ್ನು ಕೈಗೆ ತೆಗೆದುಕೊಳ್ಳುವವರೆಗೆ ಎದ್ದು ಬರಬಾರದು. ಸಿಬಿಲ್ಲಿನಲ್ಲಿ 'ಸೆಟಲ್ಡ್' ಎಂಬ ಕಪ್ಪುಚುಕ್ಕೆ ಕೆಲವು ವರ್ಷ ಇರುತ್ತದೆ. ಇರಲಿ. ಷಡ್ಡಕನಿಗೆ ಇನ್ನೊಂದು ಕಾರ್ಡು ಸದ್ಯಕ್ಕೆ ಯಾರೂ ಕೊಡುವುದಿಲ್ಲ ಅನ್ನುವುದನ್ನು ನಾದಿನಿ ಶಿಕ್ಷೆ ಎಂದು ಎಣಿಸಿಯೇ ಇಲ್ಲ.

ಆ ಎಕ್ಸ್ ಪಾರ್ಟಿಯಾದವರದ್ದು ಏನಾಯಿತೋ. ಹೀಗೆ ಹಾಜರಾಗದವರ ಬೆನ್ನ ಹಿಂದೆ ಆಗುವ ಡಿಕ್ರಿಯನ್ನು ರದ್ದು ಮಾಡಿ ಅಂತ ಕೇಳಲು 30 ದಿನ; ಸಮನ್ಸು ಸರಿಯಾಗಿ ತಲುಪಿಯೇ ಇರಲಿಲ್ಲ ಎಂದಾದರೆ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ 30. ಅದು ಕಳೆದರೆ ಡಿಕ್ರಿಗೆ 12 ವರ್ಷದ ಆಯಸ್ಸು. ಜಪ್ತಿಗೆ ಬಂದಾಗಲೂ ಕಾನೂನು ಕೆಲವನ್ನು ಮುಟ್ಟುವುದಿಲ್ಲ: ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ, ಕಸುಬಿನ ಹತಾರ, ತಾಳಿ, ಪಿಪಿಎಫ್. ಮಿಕ್ಸಿ ಪಾತ್ರೆಯೋ ಯಂತ್ರವೋ ಎಂದು 1908ರಲ್ಲಿ ಯಾರೂ ಯೋಚಿಸಿರಲಿಲ್ಲ. ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಸುರಕ್ಷಿತ. ತಿಂಗಳಿಗೆ 31,000 ಬರುವವನಿಂದ 10,000 ಹಿಡಿಯಬಹುದು, ಅದೂ ಒಂದು ಡಿಕ್ರಿಗೆ 24 ತಿಂಗಳಿಗಿಂತ ಹೆಚ್ಚಿಲ್ಲ.

ನಿಮಗೋ ನಿಮ್ಮ ಬಳಗದವರಿಗೋ ಇಂಥ ಕಾಗದ ಬಂದಿದ್ದರೆ ಇವತ್ತೇ ತೆಗೆದು ತಾರೀಖು ನೋಡಿ, ದಾವಾಪತ್ರದ ಮಧ್ಯದ ಪುಟಗಳನ್ನೂ ಓದಿ, ಒಬ್ಬ ವಕೀಲರಿಗೆ ತೋರಿಸಿ, ಆ ದಿನ ಹನ್ನೊಂದಕ್ಕೆ ಮುಂಚೆ ಅಲ್ಲಿರಿ. ಕೇಸು ಮೇಯೋ ಹಾಲಿನಲ್ಲಾದರೆ ಕಾರು ಒಯ್ಯಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ, ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದು ನಡೆದರೆ ಹತ್ತು ಹದಿನೈದು ನಿಮಿಷದ ದಾರಿ.